ಐದು ಸಾವಿರದ ಐಎಸ್‌ಒ, ಅರವತ್ತು ಸಾವಿರದ ಐಎಸ್‌ಒ

ಈ ಸಲ ಬಂದ ಪತ್ರಗಳಲ್ಲಿ ಮೂರು ಐಎಸ್‌ಒ ಸರ್ಟಿಫಿಕೇಟ್ ಬಗ್ಗೆಯೇ ಇದ್ದವು. ಒಂದು ಪುಣೆಯದು, ಒಂದು ಮುಂಬೈ ಕಡೆಯದು, ಒಂದು ಗೋವಾದ್ದು. ಮೂರಕ್ಕೂ ಒಟ್ಟಿಗೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಸರ್, ನಮಸ್ಕಾರ. ನಮ್ಮ ಊರು ವಿಜಯಪುರದ ಕಡೆ. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ಎರಡು ಸಿಎನ್‌ಸಿ, ಮೂರು ಲೇತ್, ನನ್ನನ್ನೂ ಸೇರಿಸಿ 14 ಜನ. ಚಾಕಣದ ಒಂದು ಕಂಪನಿಗೆ ಬುಶ್, ಪಿನ್ ಮಾಡಿಕೊಡುತ್ತೇವೆ. ಐಎಸ್‌ಒ 9001 ಇಲ್ಲದಿದ್ದರೆ ಮುಂದಿನ ವರ್ಷ ವೆಂಡರ್ ಪಟ್ಟಿಯಲ್ಲಿ ನಿಮ್ಮ ಹೆಸರು ಇರುವುದಿಲ್ಲ ಅಂತ ಅಲ್ಲಿಯ ಪರ್ಚೇಸ್‌ನವರು ಹೇಳಿದ್ದಾರೆ. ಒಬ್ಬರು ಐದು ಸಾವಿರಕ್ಕೆ ಮೂರು ದಿನದಲ್ಲಿ ವಾಟ್ಸಾಪ್‌ಗೇ ಸರ್ಟಿಫಿಕೇಟ್ ಕಳಿಸುತ್ತಾರಂತೆ, ಜಿಎಸ್‌ಟಿ ನಂಬರ್ ಕೊಟ್ಟರೆ ಸಾಕಂತೆ. ಇನ್ನೊಬ್ಬರು ಅರವತ್ತು ಸಾವಿರ ಆಗುತ್ತದೆ, ಮೂರು ತಿಂಗಳು ಬೇಕು ಅನ್ನುತ್ತಾರೆ. ಎರಡರ ಮೇಲೂ 9001 ಅಂತಲೇ ಬರೆದಿರುತ್ತದಲ್ಲ, ಮತ್ತೆ ವ್ಯತ್ಯಾಸ ಏನು?
— ಓದುಗರೊಬ್ಬರು, ಭೋಸರಿ, ಪುಣೆ

ಉತ್ತರ: ಐದು ಸಾವಿರದ್ದನ್ನು ತೆಗೆದುಕೊಳ್ಳಬೇಡಿ. ಕಾರಣ ಸ್ವಲ್ಪ ಉದ್ದ ಇದೆ, ಹೇಳುತ್ತೇನೆ.

ಐಎಸ್‌ಒ ಅನ್ನುವ ಸಂಸ್ಥೆ ಇರುವುದು ಜಿನೀವಾದಲ್ಲಿ, ಶುರುವಾಗಿದ್ದು 1947ರಲ್ಲಿ. ಅದು ಮಾನದಂಡ ಬರೆಯುತ್ತದೆ, ಅಷ್ಟೇ. ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. 9001 ಅಂದರೆ ಗುಣಮಟ್ಟ ಕಾಪಾಡುವ ಕೆಲಸದ ಕ್ರಮಕ್ಕೆ ಬರೆದ ಮಾನದಂಡ. ಅದು ಮೊದಲು ಬಂದದ್ದು 1987ರಲ್ಲಿ, ಸರ್ಟಿಫಿಕೇಟ್‌ಗಳ ಮೇಲೆ ನೀವು ನೋಡುವ 2015 ಅನ್ನುವುದು ಆ ಮಾನದಂಡ ಪರಿಷ್ಕರಣೆಯಾದ ವರ್ಷ. ಸರ್ಟಿಫಿಕೇಟ್ ಕೊಡುವವರು ಬೇರೆ. ಅವು ಹೆಚ್ಚಾಗಿ ಖಾಸಗಿ ಕಂಪನಿಗಳು. ಆ ಕಂಪನಿಗಳು ಸರಿಯಾಗಿ ಕೆಲಸ ಮಾಡುತ್ತಿವೆಯೇ ಅಂತ ನೋಡುವುದಕ್ಕೆ ಅವುಗಳ ಮೇಲೆ ಮಾನ್ಯತೆ ಮಂಡಳಿಗಳಿವೆ. ನಮ್ಮ ದೇಶದಲ್ಲಿ ಅದು ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಕೆಳಗಿನ ಎನ್‌ಎಬಿಸಿಬಿ, ಬ್ರಿಟನ್‌ನಲ್ಲಿ ಯುಕೆಎಎಸ್. ಇಂಥ ಮಂಡಳಿಗಳು ಒಬ್ಬರ ಮಾನ್ಯತೆಯನ್ನು ಇನ್ನೊಬ್ಬರು ಒಪ್ಪುವ ಅಂತರರಾಷ್ಟ್ರೀಯ ಒಪ್ಪಂದವೂ ಇದೆ.

ತೊಂದರೆ ಇರುವುದು ಇಲ್ಲೇ. ಈ ಮಾನ್ಯತೆ ಕಡ್ಡಾಯ ಅಲ್ಲ. ಯಾವ ಮಂಡಳಿಯ ಮಾನ್ಯತೆಯೂ ಇಲ್ಲದೆ ಸರ್ಟಿಫಿಕೇಟ್ ಕೊಡುವವರು ಇದ್ದಾರೆ. ಕೆಲವರು ತಮಗೆ ತಾವೇ ಒಂದು ಮಂಡಳಿ ಕಟ್ಟಿಕೊಂಡು, ಅದಕ್ಕೆ ದೊಡ್ಡ ಇಂಗ್ಲಿಷ್ ಹೆಸರಿಟ್ಟು, ಅದರ ಚಿನ್ನದ ಬಣ್ಣದ ಮುದ್ರೆ ಒತ್ತಿಸಿರುತ್ತಾರೆ. ನೋಡಿದವರಿಗೆ ಗೊತ್ತೇ ಆಗುವುದಿಲ್ಲ.

ಆದರೆ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಮಾನ್ಯತೆ ಇರುವ ಕಂಪನಿಗಳು, ಎಷ್ಟು ಜನ ಕೆಲಸ ಮಾಡುವ ಕಡೆ ಎಷ್ಟು ದಿನ ಆಡಿಟ್, ಅಂದರೆ ಬಂದು ತಪಾಸಣೆ, ಮಾಡಬೇಕು ಅನ್ನುವುದಕ್ಕೆ ಕೋಷ್ಟಕವೇ ಇದೆ. 9001ಕ್ಕೆ 11ರಿಂದ 15 ಜನ ಇದ್ದರೆ ಮೊದಲ ಆಡಿಟ್‌ಗೆ ಎರಡೂವರೆ ದಿನ. ಕೆಲಸ ಸರಳ ಇದೆ ಅಂತ ಸ್ವಲ್ಪ ಇಳಿಸಬಹುದು, ಅದೂ ಶೇಕಡಾ 30ರ ಒಳಗೆ, ಕಾರಣ ಬರೆದಿಟ್ಟು. ಈ ಆಡಿಟ್ ಎರಡು ಹಂತದಲ್ಲಿ ಆಗುತ್ತದೆ. ಆಮೇಲೆ ವರ್ಷಕ್ಕೊಮ್ಮೆ ಬಂದು ನೋಡಬೇಕು, ಮೂರು ವರ್ಷಕ್ಕೆ ಮತ್ತೆ ಪೂರ್ತಿ ಆಡಿಟ್. ಒಬ್ಬ ಅನುಭವಸ್ಥ ಆಡಿಟರ್ ಇಷ್ಟು ದಿನ ನಿಮ್ಮ ಶಾಪ್ ಫ್ಲೋರ್‌ನಲ್ಲಿ ನಿಂತು, ವರದಿ ಬರೆದು, ಅದನ್ನು ಇನ್ನೊಬ್ಬರು ಪರಿಶೀಲಿಸಿ, ಇದೆಲ್ಲ ಐದು ಸಾವಿರಕ್ಕೆ ಆಗುತ್ತದೆಯೇ? ಆಗುವುದಿಲ್ಲ. ಅಂದರೆ ಯಾರೂ ಬರುವುದಿಲ್ಲ. ನಿಮಗೆ ಸಿಗುವುದು ಪ್ರಿಂಟ್ ಹಾಕಿದ ಕಾಗದ ಅಷ್ಟೇ.

ಹಾಗಂತ ಜಾಸ್ತಿ ದುಡ್ಡು ಕೇಳುವವರೆಲ್ಲ ಸರಿ ಅಂತಲೂ ಅಲ್ಲ. ಈ ಮಾರುಕಟ್ಟೆಯ ಮೂಲದಲ್ಲೇ ಒಂದು ಕೊರತೆ ಇದೆ, ಅದು ನನಗೆ ತುಂಬಾ ಬೇಸರ ತರುವ ವಿಷಯ. ಸರ್ಟಿಫಿಕೇಟ್ ಬೇಕಾಗಿರುವುದು ಚಾಕಣದ ಕಂಪನಿಗೆ, ದುಡ್ಡು ಕೊಡುವವರು ನೀವು, ತಪ್ಪು ಹುಡುಕಬೇಕಾದ ಆಡಿಟರ್‌ಗೆ ಫೀಸು ಬರುವುದು ನಿಮ್ಮಿಂದ. ತಪ್ಪು ಜಾಸ್ತಿ ಬರೆದರೆ ಮುಂದಿನ ಸಲ ನೀವು ಇನ್ನೊಬ್ಬರನ್ನು ಕರೆಯಬಹುದು ಅನ್ನುವ ಭಯ ಅವರಿಗೆ ಇದ್ದೇ ಇರುತ್ತದೆ. ಕೇಳಿದ ಕಂಪನಿಯವರೋ, ಕಾಗದ ಬಂತಾ, ಫೈಲ್‌ಗೆ ಹಾಕು, ಮುಗೀತು ಅನ್ನುತ್ತಾರೆ. ಯಾವ ಮಂಡಳಿಯ ಮುದ್ರೆ ಇದೆ ಅಂತ ಎಷ್ಟೋ ಜನ ತಿರುಗಿಯೂ ನೋಡುವುದಿಲ್ಲ. ಕೊಳ್ಳುವವರೇ ವ್ಯತ್ಯಾಸ ನೋಡದಿದ್ದರೆ ಅಗ್ಗದ್ದೇ ಓಡುತ್ತದೆ, ಅಲ್ವಾ? ಕಷ್ಟಪಟ್ಟು ಮಾಡಿದವನ ಸರ್ಟಿಫಿಕೇಟ್‌ಗೂ ಬೆಲೆ ಇಳಿಯುತ್ತದೆ.

ನಾನು ಪುಣೆಗೆ ಬಂದ ಹೊಸದರಲ್ಲಿ ಕೆಲಸ ಮಾಡಿದ ಒಂದು ಕಾರ್ಖಾನೆಯಲ್ಲಿ ಆಡಿಟ್‌ಗೆ ಹತ್ತು ದಿನ ಮುಂಚೆ ನಾವು ಐದಾರು ಜನ ಸಂಜೆ ಕೂತು ಹಿಂದಿನ ಆರು ತಿಂಗಳ ರಿಜಿಸ್ಟರ್ ತುಂಬಿಸಿದ್ದೆವು. ಒಂದೇ ಪೆನ್ ಅಂತ ಗೊತ್ತಾಗಬಾರದು ಅಂತ ಮೂರು ಥರದ ಪೆನ್ ಬಳಸಿದೆವು. ಆಡಿಟ್ ಪಾಸಾಯಿತು, ಪೇಡೆ ಹಂಚಿದರು. ನಾಲ್ಕು ತಿಂಗಳಿಗೆ ಒಂದು ಲಾಟ್ ಪೂರ್ತಿ ವಾಪಸ್ ಬಂತು. ತೂತಿನ ಅಳತೆ ನೋಡುವ ಪ್ಲಗ್ ಗೇಜ್ ಸವೆದುಹೋಗಿತ್ತು. ನಮ್ಮ ರಿಜಿಸ್ಟರ್‌ನಲ್ಲಿ ಅದರ ಕ್ಯಾಲಿಬ್ರೇಷನ್, ಅಂದರೆ ಅಳತೆ ಸರಿಯಿದೆಯೇ ಅನ್ನುವ ಪರೀಕ್ಷೆ, ಆಗಿದೆ ಅಂತ ಬರೆದಿತ್ತು, ಬರೆದವನು ನಾನೇ. ಆ ಬರಹ ಇವತ್ತಿಗೂ ಕಣ್ಣ ಮುಂದೆ ಇದೆ.

ಅದಕ್ಕೇ ಹೇಳುತ್ತೇನೆ, ಮಾಡುವುದಾದರೆ ನಿಮಗೆ ಉಪಯೋಗ ಆಗುವಂತೆ ಮಾಡಿ. 14 ಜನರ ವರ್ಕ್‌ಶಾಪ್‌ಗೆ ದಪ್ಪ ಮ್ಯಾನ್ಯುಅಲ್ ಬೇಕಿಲ್ಲ. 2015ರ ಆವೃತ್ತಿಯಲ್ಲಿ ಕ್ವಾಲಿಟಿ ಮ್ಯಾನ್ಯುಅಲ್ ಕಡ್ಡಾಯ ಅಲ್ಲವೇ ಅಲ್ಲ, ಆದರೂ ಕೆಲವು ಕನ್ಸಲ್ಟಂಟ್‌ಗಳು ಇನ್ನೂ ಅದನ್ನೇ ಮಾರುತ್ತಾರೆ. ಮೊದಲು ವರ್ನಿಯರ್, ಮೈಕ್ರೋಮೀಟರ್, ಗೇಜ್‌ಗಳ ಪಟ್ಟಿ ಮಾಡಿ ಕ್ಯಾಲಿಬ್ರೇಷನ್ ಮಾಡಿಸಿ, ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್‌ನ ಮಾನ್ಯತೆ ಇರುವ ಲ್ಯಾಬ್‌ನಲ್ಲಿ. ಹಳೆ ಡ್ರಾಯಿಂಗ್ ಮೆಷಿನ್ ಹತ್ತಿರ ಉಳಿಯದಂತೆ ನೋಡಿಕೊಳ್ಳಿ. ರಿಜೆಕ್ಷನ್ ಬಂದಾಗ ಯಾಕೆ ಬಂತು, ಮತ್ತೆ ಬರದಂತೆ ಏನು ಮಾಡಿದಿರಿ ಅಂತ ಅವತ್ತೇ ಬರೆದಿಡಿ, ಮರಾಠಿಯಲ್ಲೋ ಕನ್ನಡದಲ್ಲೋ, ಓದಬೇಕಾದ ನಿಮ್ಮ ಹುಡುಗರಿಗೆ ಅರ್ಥವಾಗುವ ಭಾಷೆಯಲ್ಲಿ.

ಅರವತ್ತು ಸಾವಿರದವರಿಗೂ ಸುಮ್ನೆ ಹ್ಞೂಂ ಅನ್ನಬೇಡಿ. ಅದರಲ್ಲಿ ಕನ್ಸಲ್ಟಂಟ್ ಫೀಸು ಎಷ್ಟು, ಆಡಿಟ್ ಫೀಸು ಎಷ್ಟು, ಮುಂದಿನ ಎರಡು ವರ್ಷದ ಖರ್ಚು ಸೇರಿದೆಯೇ ಕೇಳಿ. ಸರ್ಟಿಫಿಕೇಟ್ ಕೊಡುವ ಕಂಪನಿಯೇ ಕನ್ಸಲ್ಟಂಟ್ ಆಗುವ ಹಾಗಿಲ್ಲ. ನಾವೇ ಫೈಲ್ ಮಾಡಿ ನಾವೇ ಪಾಸ್ ಮಾಡುತ್ತೇವೆ ಅಂದರೆ ಎದ್ದು ಬನ್ನಿ. ಆ ಕಂಪನಿಯ ಹೆಸರು ಎನ್‌ಎಬಿಸಿಬಿ ಜಾಲತಾಣದಲ್ಲಿ ಇದೆಯೇ, ಲೋಹದ ಬಿಡಿಭಾಗಗಳ ಕೆಲಸಕ್ಕೆ ಅವರಿಗೆ ಮಾನ್ಯತೆ ಇದೆಯೇ ನೋಡಿ. ಮಾನ್ಯತೆ ಇರುವ ಸರ್ಟಿಫಿಕೇಟ್‌ಗಳನ್ನು ಹುಡುಕುವುದಕ್ಕೆ ಇರುವ ಐಎಎಫ್ ಸರ್ಟ್‌ಸರ್ಚ್ ಜಾಲತಾಣದಲ್ಲೂ ನೋಡಬಹುದು. ಚಾಕಣದವರಿಗೆ ಯಾವ ಮಂಡಳಿಯ ಮಾನ್ಯತೆ ಬೇಕು ಅಂತ ಇಮೇಲ್‌ನಲ್ಲಿ ಕೇಳಿ, ಬಾಯಿಮಾತು ಬೇಡ. ವಾಹನ ಉದ್ಯಮಕ್ಕೆ ಐಎಟಿಎಫ್ 16949 ಅಂತ ಬೇರೆಯೇ ಮಾನದಂಡ ಇದೆ. ಈಗ 9001 ಮಾಡಿಸಿ, ಆಮೇಲೆ ಅವರು ಅದನ್ನು ಕೇಳಿದರೆ ಎರಡು ಸಲ ಖರ್ಚು.

ಪ್ರಶ್ನೆ: ಮಗಳನ್ನು ಸೇರಿಸಬೇಕು ಅಂದುಕೊಂಡ ಶಾಲೆಯ ಗೇಟಿನ ಮೇಲೆ ಐಎಸ್‌ಒ ಸರ್ಟಿಫೈಡ್ ಅಂತ ದೊಡ್ಡ ಬೋರ್ಡ್ ಇದೆ. ಫೀಸೂ ಹೆಚ್ಚು. ಇದನ್ನು ನಂಬಬಹುದೇ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಬರೀ ಐಎಸ್‌ಒ ಅಂತ ಬರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಯಾವ ನಂಬರ್, ಯಾರು ಕೊಟ್ಟಿದ್ದು, ಯಾವಾಗಿನ ತನಕ ಅಂತ ಆಫೀಸಿನಲ್ಲಿ ಕೇಳಿ. ಕೇಳುವ ಹಕ್ಕು ನಿಮಗಿದೆ. 9001 ಇದ್ದರೂ ಅದು ಆಡಳಿತದ ಕ್ರಮಕ್ಕೆ ಸಂಬಂಧಿಸಿದ್ದು. ಮಕ್ಕಳಿಗೆ ಚೆನ್ನಾಗಿ ಕಲಿಸುತ್ತಾರೆ ಅನ್ನುವ ಮಾತು ಅದರಲ್ಲಿಲ್ಲ. ಶಿಕ್ಷಣ ಸಂಸ್ಥೆಗಳಿಗೆ ಅಂತಲೇ 2018ರಲ್ಲಿ 21001 ಬಂದಿದೆ, ಅದೂ ಮಾರ್ಕ್ಸ್ ಕಾರ್ಡ್ ಅಲ್ಲ. ಬೋರ್ಡ್ ಬಿಟ್ಟು ಶಾಲೆ ಬಿಡುವ ಹೊತ್ತಿಗೆ ಗೇಟ್ ಹತ್ತಿರ ನಿಂತು ನಾಲ್ಕು ತಾಯಂದಿರನ್ನು ಮಾತಾಡಿಸಿ. ಒಂದು ತರಗತಿಯಲ್ಲಿ ಎಷ್ಟು ಮಕ್ಕಳು, ವರ್ಷದ ನಡುವೆ ಎಷ್ಟು ಟೀಚರ್‌ಗಳು ಬಿಟ್ಟು ಹೋದರು, ಇದನ್ನೇ ಕೇಳಿ.

ಪ್ರಶ್ನೆ: ವೆರ್ಣಾದ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಲೀಡ್ ಆಡಿಟರ್ ಕೋರ್ಸ್ ಮಾಡಿದರೆ ನಾನೇ ಸರ್ಟಿಫಿಕೇಟ್ ಕೊಡಬಹುದೇ?
— ಓದುಗರೊಬ್ಬರು, ವಾಸ್ಕೊ, ಗೋವಾ

ಉತ್ತರ: ಇಲ್ಲ ತಮ್ಮಾ. ಆ ಕೋರ್ಸ್ 40 ಗಂಟೆಯದು, ಒಳ್ಳೆಯದೇ, ಮಾಡಿ. ಆದರೆ ಅದು ಆಡಿಟ್ ಕಲಿಸುತ್ತದೆ, ಸರ್ಟಿಫಿಕೇಟ್ ಕೊಡುವ ಅಧಿಕಾರ ಕೊಡುವುದಿಲ್ಲ. ಮಾನ್ಯತೆ ಇರುವ ಕಂಪನಿ ಸೇರಿ, ಹಿರಿಯರ ಜೊತೆ ಹಲವು ಆಡಿಟ್‌ಗಳಿಗೆ ಹೋಗಿ ಬಂದ ಮೇಲೆಯೇ ನಿಮ್ಮನ್ನು ಒಬ್ಬರೇ ಕಳಿಸುತ್ತಾರೆ. ಫ್ರ್ಯಾಂಚೈಸಿ ಕೊಡುತ್ತೇವೆ, ಮನೆಯಿಂದಲೇ ಸರ್ಟಿಫಿಕೇಟ್ ಮಾರಿ ಅಂತ ನಿಮಗೆ ಫೋನ್ ಬರಬಹುದು. ಅವರು ಮಾರಿಸುವುದು ಭೋಸರಿಯವರಿಗೆ ಬಂದ ಐದು ಸಾವಿರದ ಕಾಗದವನ್ನೇ. ಅದಕ್ಕೆ ನಿಮ್ಮ ಹೆಸರು ಹಾಕಬೇಡಿ. ಇರುವ ಕೆಲಸದಲ್ಲೇ ಈ ವರ್ಷದ ಇಂಟರ್ನಲ್ ಆಡಿಟ್ ನನಗೆ ಕೊಡಿ ಅಂತ ಮ್ಯಾನೇಜರ್‌ರನ್ನು ಕೇಳಿ. ನಿಮ್ಮದಲ್ಲದ ವಿಭಾಗವನ್ನೇ ಕೇಳಿ ಪಡೆಯಿರಿ, ಸ್ಟೋರ್ಸ್‌ನಿಂದ ಶುರು ಮಾಡಿದರೆ ಬೇಗ ಕಲಿಯುತ್ತೀರಿ.