ಕಾಶಿಯ ಭಾಂಗ್ ಬೆಂಗಳೂರಿಗೆ ತರಬಹುದೇ?

ಕಾಶಿಯಲ್ಲಿ ಸರ್ಕಾರಿ ಪರವಾನಗಿ ಇರುವ ಅಂಗಡಿಯಲ್ಲೇ ಭಾಂಗ್ (ಗಾಂಜಾ ಗಿಡದ ಎಲೆ ಅರೆದು ಮಾಡಿದ್ದು) ಸಿಗುತ್ತಲ್ಲ, ಎರಡು ಉಂಡೆ ರೈಲಿನಲ್ಲಿ ಬೆಂಗಳೂರಿಗೆ ತಂದರೆ ತಪ್ಪೇ ಅಂತ ಕೇಳಿದ್ದೀರಿ. ದಯವಿಟ್ಟು ತರಬೇಡಿ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂ, ಕಾಯಿ ಇರುವ ತುದಿ. ಬರೀ ಎಲೆ ಅದರಲ್ಲಿ ಸೇರಲ್ಲ. 2022ರಲ್ಲಿ ಭಾಂಗ್ ಪ್ರಕರಣವೊಂದರಲ್ಲಿ ನಮ್ಮ ಹೈಕೋರ್ಟ್ ಜಾಮೀನು ಕೊಟ್ಟಿದ್ದೂ ನಿಜ. ಆದರೆ ಅದಕ್ಕೂ ಮೊದಲು ಬಂಧನ ಆಗಿಹೋಗಿತ್ತು, ಅದನ್ನು ಮರೆಯಬೇಡಿ. ಅರೆದ ಹಸಿರು ಉಂಡೆಯಲ್ಲಿ ಹೂವು ಸೇರಿದೆಯೋ ಇಲ್ಲವೋ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಅಂಗಡಿಯ ಪರವಾನಗಿಯೂ ಉತ್ತರ ಪ್ರದೇಶದ ಅಬಕಾರಿಯದು, ಇಲ್ಲಿ ನಡೆಯಲ್ಲ.

ಅಲ್ಲೇ ಕುಡಿಯೋದಾದರೂ ಹುಷಾರು. ಹೊಟ್ಟೆಗೆ ಹೋದ ಭಾಂಗ್ ಏರೋಕೆ ಒಂದೆರಡು ಗಂಟೆ ಹಿಡಿಯುತ್ತೆ. ಏನೂ ಆಗ್ಲಿಲ್ಲ ಅಂತ ಭಾಂಗ್ ಬೆರೆಸಿದ ಥಂಡಾಯಿ (ಹಾಲಿನ ತಂಪು ಪಾನೀಯ) ಇನ್ನೊಂದು ಲೋಟ ಏರಿಸಿದರೆ ಎದೆಬಡಿತ, ಗಾಬರಿ ಶುರು. ಹೃದಯದ ತೊಂದರೆ ಇದ್ದರಂತೂ ಮುಟ್ಟಲೇಬೇಡಿ.