ಪ್ರಾರ್ಥಿಸಿದರೂ ಅಪ್ಪ ಉಳಿಯಲಿಲ್ಲ, ಈಗ ದೇವರು ಇದ್ದಾನೋ ಇಲ್ಲವೋ ಗೊತ್ತಿಲ್ಲ ಅನ್ನುತ್ತೇನೆ. ನಂಬುವ ಕ್ರೈಸ್ತರು ಇದಕ್ಕೆ ಏನು ಹೇಳುತ್ತೀರಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಸಂಡೇ ಸ್ಕೂಲಿನಲ್ಲಿ ಬೆಳೆದವರು ನೀವು. ಅಪ್ಪನ ಕ್ಯಾನ್ಸರ್‌ಗೆ ಇಡೀ ಸಭೆ ಉಪವಾಸ ಪ್ರಾರ್ಥನೆ ಮಾಡಿತು, ಆದರೂ ಅವರು ಹೋದರು. ಈಗ ನಿಮ್ಮನ್ನು ಅಜ್ಞೇಯವಾದಿ ಅಂತ ಕರೆದುಕೊಂಡಿದ್ದೀರಿ. ಅಮ್ಮನಿಗೆ ಇನ್ನೂ ಹೇಳಿಲ್ಲ.

ನಾನು ನಂಬುವವನು. ಗದಗ-ಬೆಟಗೇರಿ ಕಡೆಯವನು. 1841ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನವರು ಬಂದ ಊರು ಅದು. ನಮ್ಮ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಸತ್ಯವೇದ, ಅಂದರೆ ಬೈಬಲ್, ಓದುತ್ತಾರೆ. ಹಾಗಂತ ನಿಮ್ಮನ್ನು ವಾಪಸ್ ಕರೆತರುವ ವಾದವೇನೂ ನನ್ನ ಹತ್ತಿರ ಇಲ್ಲ.

‘ನಿಮ್ಮ ನಂಬಿಕೆ ಗಟ್ಟಿ ಇದ್ದಿದ್ದರೆ ಅವರು ಉಳಿಯುತ್ತಿದ್ದರು’ ಅಂತ ಯಾರೋ ಅಂದರು ಅಂತ ಬರೆದಿದ್ದೀರಲ್ಲ, ನನ್ನ ತಮ್ಮ ತೀರಿಕೊಂಡಾಗ ನಮಗೂ ಅದನ್ನೇ ಹೇಳಿದರು. ಮಣ್ಣು ಮಾಡಿ ಬಂದು ಇನ್ನೂ ಕೈಕಾಲು ತೊಳೆದಿರಲಿಲ್ಲ. ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸಿಲ್ಲ ಅಂತ ಕ್ರೈಸ್ತ ಹೇಳಬಾರದು, ಗೊತ್ತು. ಸತ್ಯವೇದದಲ್ಲಿ ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನಿಗೆ ಅವನ ಗೆಳೆಯರೂ, ತಪ್ಪು ನಿನ್ನದೇ ಅಂತ, ಇದೇ ಥರ ಬುದ್ಧಿ ಹೇಳಿದ್ದರು. ಕೊನೆಗೆ ದೇವರ ಸಿಟ್ಟು ತಿರುಗಿದ್ದು ಆ ಗೆಳೆಯರ ಮೇಲೆ.

ಅಜ್ಞೇಯವಾದಿ ಅನ್ನುವುದಕ್ಕೆ ಇಂಗ್ಲಿಷಿನ ‘ಅಗ್ನಾಸ್ಟಿಕ್’ ಪದವನ್ನು 1869ರಲ್ಲಿ ಹುಟ್ಟಿಸಿದವನು ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿ. ಅದಕ್ಕೆ ಒಂಬತ್ತು ವರ್ಷ ಮುಂಚೆ, 1860ರ ಸೆಪ್ಟೆಂಬರಿನಲ್ಲಿ, ಅವನ ಮಗ ನೋಯೆಲ್ ಸ್ಕಾರ್ಲೆಟ್ ಜ್ವರದಲ್ಲಿ ಹೋಗಿದ್ದ. ನಾಲ್ಕು ವರ್ಷವೂ ತುಂಬಿರಲಿಲ್ಲ. ಮಣ್ಣು ಮಾಡುವಾಗ ಪಾದ್ರಿ ಸತ್ಯವೇದದಲ್ಲಿರುವ ಪೌಲನ ಪತ್ರದಿಂದ ಓದಿದ: ಸತ್ತವರು ಏಳುವುದಿಲ್ಲ ಅಂತಾದರೆ ತಿನ್ನೋಣ, ಕುಡಿಯೋಣ, ನಾಳೆ ಸಾಯುವವರಲ್ಲವೇ ನಾವು. ಪಾದ್ರಿಯದು ತಪ್ಪೇನಿಲ್ಲ, ಆರಾಧನೆಯ ಪುಸ್ತಕದಲ್ಲಿ ಇದ್ದದ್ದನ್ನೇ ಓದಿದ. ಆದರೆ ಹಕ್ಸ್ಲಿಗೆ ಮೈ ಉರಿಯಿತು. ಮಗು ಕಳೆದುಕೊಂಡವನು ಪರಲೋಕದ ಆಸೆ ಇಲ್ಲದಿದ್ದರೆ ಮೃಗವಾಗಿಬಿಡುತ್ತಾನಾ? ಇದನ್ನೆಲ್ಲ ಅವನು ಬರೆದದ್ದು ಚಾರ್ಲ್ಸ್ ಕಿಂಗ್ಸ್ಲಿ ಎಂಬ ಇನ್ನೊಬ್ಬ ಪಾದ್ರಿಗೆ! ಕಿಂಗ್ಸ್ಲಿ ಸಮಾಧಾನ ಹೇಳಿ ಕಾಗದ ಬರೆದಿದ್ದ. ಆಧಾರ ಇಲ್ಲದ್ದನ್ನು ನಂಬಲಾರೆ ಅಂತ ಹಕ್ಸ್ಲಿ ಉದ್ದದ ಉತ್ತರ ಕೊಟ್ಟ. ಆಮೇಲೂ ಇಬ್ಬರ ನಡುವೆ ಕಾಗದ ಓಡಾಡುತ್ತಲೇ ಇತ್ತು. ನಿಮಗೆ ಬರೆಯಲು ಕೂತಾಗ ನೆನಪಾದದ್ದು ಆ ಕಿಂಗ್ಸ್ಲಿ.

ತಮ್ಮ ಹೋದ ಮೇಲೆ ಸುಮಾರು ಎರಡು ವರ್ಷ ನಾನೂ ನಿಮ್ಮ ಹಾಗೇ ಇದ್ದೆ. ಆರಾಧನೆಗೆ ಮಾತ್ರ ಹೋಗುತ್ತಿದ್ದೆ, ಅವ್ವನನ್ನು ಬೈಕಿನಲ್ಲಿ ಬಿಡಬೇಕಿತ್ತಲ್ಲ. ವಿಶ್ವಾಸ ಪ್ರಮಾಣ ಹೇಳುವಾಗ, ಸತ್ತವರು ಏಳುತ್ತಾರೆ ಅನ್ನುವ ಸಾಲು ಬಂದರೆ ಬಾಯಿ ಮುಚ್ಚುತ್ತಿದ್ದೆ. ಪಕ್ಕದಲ್ಲಿ ಒಬ್ಬ ಅಜ್ಜ ಕೂರುತ್ತಿದ್ದರು. ಮಗ್ಗದಲ್ಲಿ ನೇಯ್ದು ನೇಯ್ದು ಬೆರಳು ಗಂಟುಗಟ್ಟಿದ್ದವು. ಒಂದು ಭಾನುವಾರ ಹೊರಗೆ ಚಪ್ಪಲಿ ಹುಡುಕುತ್ತಾ, ‘ಆ ಸಾಲು ನಿನ್ನ ಬಾಯಾಗ ಬರವಲ್ತು ಅಂದ್ರ ಬಿಡು, ನಿನ್ನ ಪಾಲಿಂದೂ ನಾನ ಹೇಳತೀನಿ’ ಅಂದರು. ಅಷ್ಟೇ. ವಚನ ಹೇಳಲಿಲ್ಲ, ಪ್ರಾರ್ಥನಾ ಕೂಟಕ್ಕೆ ಬಾ ಅನ್ನಲಿಲ್ಲ. ಮುಂದಿನ ವಾರದಿಂದ ಆ ಒಂದು ಸಾಲನ್ನು ಸ್ವಲ್ಪ ಜಾಸ್ತಿ ಗಟ್ಟಿಯಾಗಿ ಹೇಳುತ್ತಿದ್ದರು.

ನನಗೆ ನಂಬಿಕೆ ಮರಳಿತು, ಯಾವ ವಾರ ಅಂತ ಕೇಳಿದರೆ ಗೊತ್ತಿಲ್ಲ. ನಿಮಗೂ ಮರಳುತ್ತದೆ ಅಂತ ಮಾತು ಕೊಡಲಾರೆ. ಹಕ್ಸ್ಲಿಗೆ ಮರಳಲಿಲ್ಲ. ತಮ್ಮ ಯಾಕೆ ಹೋದ ಅನ್ನುವುದಕ್ಕಂತೂ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಪುರುಸೊತ್ತಾದಾಗ ಸತ್ಯವೇದದ 88ನೇ ಕೀರ್ತನೆ ಓದಿ, ಪ್ರಾರ್ಥನೆ ಅಂತಲ್ಲ, ಸುಮ್ನೆ ಓದಿ. ದುಃಖದ ಕೀರ್ತನೆಗಳು ಬಹುತೇಕ ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಹಾಗಿದ್ದರೂ ಯಾರೂ ಅದನ್ನು ಸತ್ಯವೇದದಿಂದ ಕಿತ್ತು ಹಾಕಲಿಲ್ಲ. ಆ ಎರಡು ವರ್ಷ ನಾನು ಓದಲು ಆಗುತ್ತಿದ್ದದ್ದು ಅದೊಂದೇ.

ಇನ್ನು ಅಮ್ಮನ ವಿಷಯ. ಹೇಳಿಬಿಡಿ. ಕ್ರಿಸ್ಮಸ್ ಹಿಂದಿನ ದಿನ ಮಾತ್ರ ಬೇಡ, ಪಾಪ, ಕರ್ಚಿಕಾಯಿ ಮಾಡುತ್ತಾ ಕೂತಿರುತ್ತಾರೆ. ಆರಾಧನೆಯಲ್ಲಿ ಯೇಸುವಿನ ನೆನಪಿಗೆ ಕೊಡುವ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಮನಸ್ಸು ಒಪ್ಪದಿದ್ದರೆ ತೆಗೆದುಕೊಳ್ಳಬೇಡಿ. ಆದರೆ ಅಪ್ಪನ ನೆನಪಿಗೆ ಆರಾಧನೆ ಇದ್ದರೆ ಅಮ್ಮನ ಪಕ್ಕ ಹೋಗಿ ಕೂರಿ. ಅದು ನಾಟಕ ಆಗುವುದಿಲ್ಲ. ಯೇಸು ಸತ್ತು ಎದ್ದದ್ದನ್ನು ನಂಬುವುದಿಲ್ಲ ಅಂದ ಶಿಷ್ಯ ತೋಮ ಎಂಟು ದಿನ ಕಳೆದ ಮೇಲೂ ಉಳಿದ ಶಿಷ್ಯರ ಜೊತೆಗೇ ಇದ್ದ, ಅವನನ್ನು ಯಾರೂ ಹೊರಗೆ ಹಾಕಿರಲಿಲ್ಲ.

ಅಮ್ಮ ಅಳುತ್ತಾರೆ. ನಾನು ಹೇಳಿದಾಗ ನಮ್ಮವ್ವನೂ ಅತ್ತಳು. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಭಾನುವಾರ ಬೆಳಿಗ್ಗೆ ಬೈಕ್ ಹತ್ತುವಾಗ ಕೇಳಿದ್ದು ಇಷ್ಟೇ: ‘ಹೊರಗ ನಿಂದರ್ತೀಯೋ, ಒಳಗ ಬರ್ತೀಯೋ?’