ಟಿಪ್ಪಣಿಗೆ ಎಐ: ಯಾವ ಆಪ್ ಅಂತ ಕೇಳುವ ಮೊದಲು

ಈಚೆಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: ‘ನನ್ನ ನೋಟ್ಸನ್ನೆಲ್ಲ ಎಐಗೆ ಒಪ್ಪಿಸಬೇಕು, ಯಾವ ಆಪ್ ಚೆನ್ನಾಗಿದೆ?’ ಆಪ್‌ನ ಹೆಸರಷ್ಟೇ ಬೇಕಾದವರು ಯೂಟ್ಯೂಬ್ ನೋಡಿ, ಅಲ್ಲಿ ದಿನಕ್ಕೊಂದು ಸಿಗುತ್ತದೆ. ಫೋಲ್ಡರ್ ಮಾಡುವುದು ಹೇಗೆ, ಬ್ಯಾಕಪ್ ಇಡುವುದು ಹೇಗೆ ಎಂಬುದನ್ನೂ ನಾನು ಹೇಳಿಕೊಡುವುದಿಲ್ಲ. ಈ ಸಲ ಒಂದು ಪತ್ರಕ್ಕೆ ಉದ್ದದ ಉತ್ತರ, ಉಳಿದವಕ್ಕೆ ಚುಟುಕು.

ಪ್ರಶ್ನೆ: ಕೋಲಾರದ ಕಡೆಯ ಕೆರೆಗಳ ನಿರ್ವಹಣೆ ಕುರಿತು ಪಿಎಚ್.ಡಿ. ಮಾಡುತ್ತಿದ್ದೇನೆ. ಕ್ಷೇತ್ರಕಾರ್ಯದ ಟಿಪ್ಪಣಿ, ಓದಿದ ಲೇಖನಗಳ ಟಿಪ್ಪಣಿ ಎಲ್ಲ ಸೇರಿ ಎರಡು ಸಾವಿರದಷ್ಟು ಕಡತಗಳಿವೆ. ಎಲ್ಲವನ್ನೂ ಎಐಗೆ ಕೊಟ್ಟು ಸಾರಾಂಶ ಮಾಡಿಸಿ, ಟ್ಯಾಗ್ ಹಾಕಿಸಿ, ಹಳೆಯ ಗಜಿಬಿಜಿ ಕಡತಗಳನ್ನು ಅಳಿಸಿಬಿಡೋಣ ಅಂದುಕೊಂಡಿದ್ದೇನೆ. ಗೈಡ್ ಬೇಡ ಅನ್ನುತ್ತಾರೆ, ಗೆಳತಿಯರು ಮಾಡು ಅನ್ನುತ್ತಾರೆ. ಒಂದು ಮಾದರಿ ಜೊತೆಗಿಟ್ಟಿದ್ದೇನೆ. ಏನು ಮಾಡಲಿ ಸರ್?

ಮೊದಲು ಆ ಡಿಲೀಟ್ ಬಟನ್ ಮೇಲಿಂದ ಕೈ ತೆಗೆಯಿರಿ ತಾಯಿ. ಆಮೇಲೆ ಮಾತಾಡೋಣ.

ನೀವು ಕಳಿಸಿದ ಮಾದರಿಯನ್ನೇ ನೋಡಿ. ಕೆರೆಯ ತೂಬು ತೆಗೆದು ನೀರು ಬಿಡುವ ನೀರುಗಂಟಿಯ ಬಗ್ಗೆ ಕಡತದಲ್ಲಿ ನೀವು ಬರೆದುಕೊಂಡಿದ್ದು ಹೀಗೆ: ‘ನೀರುಗಂಟಿಗೆ ಸುಗ್ಗೀಲಿ ರಾಗಿ ಕೊಡ್ತಿದ್ರಂತೆ. ಎಷ್ಟು ಅಂತ ಹೇಳಲಿಲ್ಲ. ಅಜ್ಜಿ ಅಡ್ಡಬಾಯಿ ಹಾಕಿ, ರಾಗಿಯಲ್ಲ ಭತ್ತ, ಅದೂ ಭತ್ತ ಬೆಳೆದ ವರ್ಷ ಮಾತ್ರ ಅಂದ್ರು. ಇಬ್ಬರೂ ಒಂದೇ ಮನೆಯವರು! ಯಾರು ಸರಿ? ಕೊನೇ ಗದ್ದೆಯವರನ್ನ ಕೇಳಬೇಕು.’ ಅದಕ್ಕೆ ಎಐ ಕೊಟ್ಟ ಸಾರಾಂಶ: ‘ಈ ಗ್ರಾಮದಲ್ಲಿ ನೀರುಗಂಟಿಗಳಿಗೆ ಸುಗ್ಗಿಯ ಕಾಲದಲ್ಲಿ ಧಾನ್ಯದ ರೂಪದಲ್ಲಿ ಸಂಭಾವನೆ ನೀಡಲಾಗುತ್ತಿತ್ತು.’

ಕಾಗುಣಿತ ತಪ್ಪಿಲ್ಲ, ವಾಕ್ಯ ನೆಟ್ಟಗಿದೆ, ಪ್ರಬಂಧಕ್ಕೆ ಹಾಗೇ ಎತ್ತಿಡಬಹುದು ಅನ್ನಿಸುತ್ತದೆ. ನನಗೆ ಸಿಟ್ಟು ಬರುವುದು ಅಲ್ಲೇ. ಒಬ್ಬರು ಹೇಳಿದ ಮಾತು ಇಲ್ಲಿ ಊರಿನ ಸಂಗತಿಯಾಗಿಬಿಟ್ಟಿದೆ. ರಾಗಿ, ಭತ್ತ ಎರಡೂ ‘ಧಾನ್ಯ’ವಾಗಿವೆ. ನಿಮ್ಮ ಕಡೆ ರಾಗಿಯನ್ನು ಮಳೆ ನಂಬಿಕೊಂಡು ಬೆಳೆಯುತ್ತಾರೆ, ಭತ್ತಕ್ಕೆ ಕೆರೆ ನೀರೇ ಬೇಕು. ಹಾಗಾದರೆ ಅಜ್ಜಿ ಹೇಳಿದ್ದೇನು? ತೂಬು ತೆಗೆದು ಸರದಿ ಪ್ರಕಾರ ನೀರು ಬಿಡುತ್ತಿದ್ದವನಿಗೆ ಕೆರೆ ತುಂಬಿದ ವರ್ಷ ಮಾತ್ರ ಕೂಲಿ, ಬತ್ತಿದ ವರ್ಷ ಇಲ್ಲ. ಇದು ನಿಜವೋ ಅಲ್ಲವೋ ಅದು ಬೇರೆ ಮಾತು, ಆದರೆ ಒಂದು ಅಧ್ಯಾಯ ಹುಟ್ಟಿಸುವ ಪ್ರಶ್ನೆ. ಸಾರಾಂಶ ಮೊದಲು ಕತ್ತರಿಸಿದ್ದೇ ಅದನ್ನು. ‘ಕೊನೇ ಗದ್ದೆಯವರನ್ನ ಕೇಳಬೇಕು’ ಎಂಬ ಸಾಲಂತೂ ಗುರುತೇ ಇಲ್ಲದೆ ಹೋಗಿದೆ. ಆ ಕೆಲಸ ಇನ್ನು ನಿಮಗೆ ನೆನಪಾಗುವುದು ವೈವಾ ದಿನವೇ.

ಯಂತ್ರ ಕೆಟ್ಟು ಹೀಗಾಗಿದ್ದಲ್ಲ. ಸಾರಾಂಶ ಮಾಡು ಅಂದರೆ ಅದು ಎಲ್ಲರಿಗೂ ಒಪ್ಪಿಗೆಯಾಗುವಂಥದ್ದನ್ನು ಇಟ್ಟುಕೊಂಡು, ಹೊಂದದ್ದನ್ನು ಬಿಡುತ್ತದೆ. ಆಡಳಿತ ವರದಿಗೆ ಅದು ಸರಿ. ಕ್ಷೇತ್ರಕಾರ್ಯದ ಟಿಪ್ಪಣಿಯಲ್ಲಿ ಬೆಲೆ ಇರುವುದು ಹೊಂದದ್ದಕ್ಕೇ.

ಎರಡನೆಯ ಅಪಾಯ ನಿಧಾನವಾಗಿ ಬರುತ್ತದೆ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ಸಾರಾಂಶವನ್ನೂ ಮೂಲವನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟಿರೆನ್ನಿ. ಆರು ತಿಂಗಳು ಬಿಟ್ಟು ‘ನೀರುಗಂಟಿಗಳ ಸಂಭಾವನೆ ಬಗ್ಗೆ ನನ್ನ ಟಿಪ್ಪಣಿಗಳಲ್ಲಿ ಏನಿದೆ?’ ಅಂತ ಕೇಳುತ್ತೀರಿ. ಈ ಬಗೆಯ ಬಹುಪಾಲು ಸಾಧನಗಳು ನಿಮ್ಮ ಎರಡು ಸಾವಿರ ಕಡತಗಳನ್ನೂ ಕುಳಿತು ಓದುವುದಿಲ್ಲ. ಎಲ್ಲವನ್ನೂ ಮೊದಲೇ ಸಣ್ಣ ತುಂಡು ಮಾಡಿ, ಪ್ರತಿ ತುಂಡಿನ ಅರ್ಥವನ್ನು ಅಂಕಿಗಳ ಸಾಲಾಗಿ ಬದಲಿಸಿ ಇಟ್ಟುಕೊಂಡಿರುತ್ತವೆ. ನಿಮ್ಮ ಪ್ರಶ್ನೆಗೆ ಹತ್ತಿರವಿರುವ ಕೆಲವೇ ತುಂಡುಗಳನ್ನು ಹೆಕ್ಕಿ ಉತ್ತರ ಹೆಣೆಯುತ್ತವೆ. ಹತ್ತಿರವಿರುವುದು ಯಾವುದು? ‘ಸಂಭಾವನೆ’ ಎಂಬ ಪದ ಇರುವ, ಪ್ರಶ್ನೆಯಷ್ಟೇ ನೀಟಾದ ಭಾಷೆಯಲ್ಲಿರುವ ಸಾರಾಂಶ. ‘ಸುಗ್ಗೀಲಿ ಕೊಡ್ತಿದ್ರಂತೆ’ ಹಿಂದೆ ಉಳಿಯುತ್ತದೆ. ಎಐ ತಾನು ಬರೆದದ್ದನ್ನೇ ನಿಮ್ಮ ಟಿಪ್ಪಣಿಯೆಂದು ನಿಮಗೆ ಓದಿ ಹೇಳುತ್ತದೆ, ನೀವು ತಲೆಯಾಡಿಸುತ್ತೀರಿ. ಅದರ ಮೇಲೆ ಇನ್ನೊಂದು ಸಾರಾಂಶ. ಹಾಲಿಗೆ ನೀರು ಬೆರೆತ ಮೇಲೆ ಯಾವುದು ಯಾವುದೆಂದು ಸೋಸಲಾಗುವುದಿಲ್ಲ.

ಆದ್ದರಿಂದ ಎಐ ಬರೆದದ್ದಕ್ಕೆ ಬೇರೆಯೇ ಫೋಲ್ಡರ್ ಇರಲಿ. ಪ್ರತಿ ಕಡತದ ಮೊದಲ ಸಾಲಿನಲ್ಲಿ ತಾರೀಖು, ಯಾವ ಸಾಧನ, ಯಾವ ಮೂಲ ಕಡತ ಎಂಬುದಿರಲಿ. ಟಿಪ್ಪಣಿಗಳಲ್ಲಿ ಹುಡುಕಿಸುವಾಗ ಆ ಫೋಲ್ಡರನ್ನು ಹೊರಗಿಡಿ. ಮೂಲ ಟಿಪ್ಪಣಿಗಳ ಒಂದು ಪ್ರತಿಯನ್ನು ಯಾವ ಆಪ್‌ಗೂ ಕೈಗೆಟುಕದ ಕಡೆ ಇಡಿ. ಇದು ಅತಿಯಾಯಿತು ಅನ್ನಿಸಿದರೆ ಗ್ರಂಥಾಲಯಕ್ಕೆ ಹೋಗಿ ಕಿಟ್ಟೆಲರ 1894ರ ನಿಘಂಟು ತೆರೆಯಿರಿ. ಅರ್ಥ ಕೊಟ್ಟು ಸುಮ್ಮನಾಗದೆ, ಅದು ಯಾವ ಗ್ರಂಥದಲ್ಲಿದೆ, ಯಾವ ಸೀಮೆಯ ಮಾತು ಅಂತ ಪುಟದ ತುಂಬ ಸಣ್ಣಸಣ್ಣ ಗುರುತು ಹಾಕಿದ್ದಾರೆ. ಇವತ್ತಿಗೂ ಸಂಶೋಧಕರು ಅದನ್ನು ನಂಬಿ ತೆರೆಯುವುದು ಆ ಗುರುತುಗಳಿಗಾಗಿ. ನಿಮಗೆ ಒಂದು ಸಾಲು ಬರೆಯಲು ಬೇಜಾರೇ?

ಹಾಗಂತ ಎಐ ಮುಟ್ಟಲೇಬೇಡಿ ಅನ್ನುತ್ತಿಲ್ಲ. ನಾನೂ ಬಳಸುತ್ತೇನೆ. ಅದಕ್ಕೆ ಬರೆಯುವ ಕೆಲಸ ಕೊಡದೆ ಹುಡುಕುವ, ಕೆಣಕುವ ಕೆಲಸ ಕೊಡಿ. ನಿಮ್ಮ ಕಡತಗಳಲ್ಲಿ ನೀರುಗಂಟಿ, ನೀರ್ಗಂಟಿ, ನೀರಗಂಟಿ ಮೂರೂ ಇರುತ್ತವೆ, ಕೆಲವು ಕಡೆ ಬರೀ ‘ತೂಬಿನೋನು’ ಅಂತಿರುತ್ತದೆ. ಮಾಮೂಲಿ ಹುಡುಕಾಟಕ್ಕೆ ಇವು ನಾಲ್ಕು ಬೇರೆ ಪದಗಳು. ಅರ್ಥ ಹಿಡಿದು ಹುಡುಕುವ ಸಾಧನಕ್ಕೆ ಇವು ಅಕ್ಕಪಕ್ಕದವು. ‘ಈ ಐದು ಕಡತಗಳಲ್ಲಿ ಒಂದಕ್ಕೊಂದು ತಾಳೆಯಾಗದ ಮಾತು ಯಾವುವು? ಕಡತದ ಹೆಸರು ಹೇಳಿ ಸಾಲನ್ನು ಇದ್ದ ಹಾಗೇ ತೋರಿಸು, ವಿವರಣೆ ಬೇಡ’ ಅಂತ ಕೇಳಿ ನೋಡಿ. ರಾಗಿಗೂ ಭತ್ತಕ್ಕೂ ಇರುವ ಜಗಳ ಆಗ ಮೇಲೆ ಬರುತ್ತದೆ. ತೋರಿಸಿದ ಸಾಲು ಮೂಲದಲ್ಲಿ ನಿಜಕ್ಕೂ ಇದೆಯೇ ಅಂತ ಕಡತ ತೆರೆದು ನೋಡಿ. ಗೂಗಲ್‌ನ ನೋಟ್‌ಬುಕ್‌ಎಲ್‌ಎಂನಂಥ ಸಾಧನಗಳು ಮೂಲದ ಸಾಲಿಗೇ ಕೊಂಡಿ ಕೊಡುತ್ತವೆ, ಆದರೆ ಕೊಂಡಿ ಇದೆ ಅಂದಮಾತ್ರಕ್ಕೆ ಅದನ್ನು ಒತ್ತಿ ನೋಡಿದ ಹಾಗಾಗಲಿಲ್ಲ.

ಎಣಿಕೆ ಮಾತ್ರ ಕೇಳಬೇಡಿ. ‘ಎಷ್ಟು ಊರುಗಳಲ್ಲಿ ಈ ಪದ್ಧತಿ ಇದೆ?’, ‘ಯಾವ ಊರಿನ ಬಗ್ಗೆ ನಾನು ಬರೆದಿಲ್ಲ?’ ಇಂಥ ಪ್ರಶ್ನೆಗೆ ಎಲ್ಲ ಕಡತ ನೋಡಿದವರೇ ಉತ್ತರ ಹೇಳಬಲ್ಲರು. ಹೆಕ್ಕಿದ ಹತ್ತು ತುಂಡು ನೋಡಿ ಅದು ಹನ್ನೊಂದು ಊರು ಅಂದುಬಿಡುತ್ತದೆ, ಅದೂ ಗಟ್ಟಿದನಿಯಲ್ಲಿ. ಎಲ್ಲವನ್ನೂ ಒಟ್ಟಿಗೇ ಉಣಿಸಿದರೆ ಸರಿಹೋಗುತ್ತದೆ ಅನ್ನಬೇಡಿ. ಉದ್ದದ ಪಠ್ಯ ಕೊಟ್ಟಾಗ ಆರಂಭ, ಕೊನೆಗಳಲ್ಲಿರುವುದನ್ನು ಚೆನ್ನಾಗಿ ಹಿಡಿದು, ನಡುವೆ ಇರುವುದನ್ನು ಈ ಎಐ ಮಾದರಿಗಳು (ಮಾಡೆಲ್‌ಗಳು) ಕೈಬಿಡುತ್ತವೆ ಎಂದು 2023ರ ಒಂದು ಸಂಶೋಧನಾ ಪ್ರಬಂಧ ತೋರಿಸಿತ್ತು. ಆಮೇಲೆ ಬಂದ ಮಾದರಿಗಳು ಸುಧಾರಿಸಿರಬಹುದು, ನನ್ನ ಅನುಮಾನ ಸುಧಾರಿಸಿಲ್ಲ. ಎಣಿಸಲು ಒಂದು ಎಕ್ಸೆಲ್ ಹಾಳೆ ಸಾಕು.

ಟ್ಯಾಗ್ ವಿಷಯ. ಬಿಟ್ಟುಕೊಟ್ಟರೆ ಅದು ‘ಜಲ ನಿರ್ವಹಣೆ’, ‘ನೀರು ನಿರ್ವಹಣೆ’, ‘ನೀರಾವರಿ ನಿರ್ವಹಣೆ’ ಅಂತ ಒಂದಕ್ಕೇ ಮೂರು ಹೆಸರಿಡುತ್ತದೆ. ನಿಮ್ಮದೇ ಒಂದು ಪುಟದೊಳಗಿನ ಪಟ್ಟಿ ಮಾಡಿ, ಅದರಿಂದಲೇ ಆರಿಸು, ಹೊಂದದಿದ್ದರೆ ಖಾಲಿ ಬಿಡು ಅನ್ನಿ. ಖಾಲಿ ಉಳಿದ ಕಡತಗಳನ್ನು ನೀವೇ ಓದಿ. ಹೊಸದೇನಾದರೂ ಇದ್ದರೆ ಅದು ಅಲ್ಲೇ ಇರುತ್ತದೆ.

ಇನ್ನು ‘ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ, ಸಾರಾಂಶ ಓದಿಕೊಂಡರೆ ನಿಲ್ಲುತ್ತದೆ’ ಅಂತ ಪತ್ರದ ಕೊನೆಗೆ ಸೇರಿಸಿದ್ದೀರಿ. ನಿಲ್ಲುವುದಿಲ್ಲ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ ಇದಕ್ಕೆ ಸಂಬಂಧಿಸಿದ್ದೇ. ಪಾಠವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ನಂತರ ಮುಂದಿದ್ದರು. ಲೇಖನ ಓದಿ, ಮುಚ್ಚಿ, ನಿಮ್ಮ ಮಾತಿನಲ್ಲಿ ನಾಲ್ಕು ಸಾಲು ಬರೆಯಿರಿ. ಆಮೇಲೆ ಬೇಕಾದರೆ ಲೇಖನವನ್ನೂ ನಾಲ್ಕು ಸಾಲನ್ನೂ ಎಐಗೆ ಕೊಟ್ಟು, ನಾನು ಏನು ಬಿಟ್ಟಿದ್ದೇನೆ, ಎಲ್ಲಿ ತಪ್ಪಾಗಿ ಹಿಡಿದಿದ್ದೇನೆ ಅಂತ ಕೇಳಿ. ಬೈಸಿಕೊಳ್ಳಲು ಅದು ಒಳ್ಳೆಯ ಜೊತೆಗಾರ, ಗೈಡ್‌ಗಿಂತ ಬೇಗ ಸಿಗುತ್ತದೆ.

ಕೊನೆಯದಾಗಿ, ನಿಮ್ಮ ಮಾದರಿ ಕಡತದ ತಲೆಯಲ್ಲಿ ಆ ಮನೆಯವರ ಹೆಸರು, ಜಾತಿ, ಫೋನ್ ನಂಬರ್ ಎಲ್ಲ ಇತ್ತು. ನನಗೆ ಕಳಿಸಿದ್ದೇ ತಪ್ಪು. ಅವರು ಜಗುಲಿ ಮೇಲೆ ಕೂತು ಮಾತಾಡಿದ್ದು ನಿಮ್ಮ ಮುಖ ನೋಡಿ, ಯಾವುದೋ ಕಂಪನಿಯ ಸರ್ವರಿಗೆ ಅಲ್ಲ. ಹೆಸರುಗಳ ಜಾಗಕ್ಕೆ ಸಂಕೇತ ಹಾಕಿ, ಸಂಕೇತದ ಪಟ್ಟಿಯನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಹಲವು ಆಪ್‌ಗಳಲ್ಲಿ, ಮುಖ್ಯವಾಗಿ ಪುಕ್ಕಟೆ ಖಾತೆಗಳಲ್ಲಿ, ನಿಮ್ಮ ಮಾತುಕತೆಯನ್ನು ಎಐ ಮಾದರಿಯ ತರಬೇತಿಗೆ ಬಳಸುವ ಆಯ್ಕೆ ಮೊದಲೇ ಆನ್ ಆಗಿರುತ್ತದೆ, ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಿ. ಒಲ್ಲಾಮಾದಂಥ ತಂತ್ರಾಂಶ ಹಾಕಿಕೊಂಡು ನಿಮ್ಮ ಲ್ಯಾಪ್‌ಟಾಪಿನಲ್ಲೇ ಸಣ್ಣ ಎಐ ಮಾದರಿ ಓಡಿಸಬಹುದು, ಏನೂ ಹೊರಗೆ ಹೋಗುವುದಿಲ್ಲ. ಆದರೆ ಆ ಸಣ್ಣವುಗಳ ಕನ್ನಡ ತೀರಾ ಸೊರಗಿದ್ದು, ಕೋಲಾರದ ಮಾತು ಕೊಟ್ಟರೆ ಕಕ್ಕಾಬಿಕ್ಕಿಯಾಗುತ್ತವೆ.

ಗೈಡ್ ಯಾಕೆ ಬೇಡ ಅಂದರೋ ಕೇಳಿ. ಅವರ ಕಾರಣ ಬೇರೆಯೇ ಇರಬಹುದು. ವಿಶ್ವವಿದ್ಯಾಲಯದ ನಿಯಮವೇನೆಂಬುದನ್ನೂ ಬರವಣಿಗೆಯಲ್ಲೇ ಪಡೆಯಿರಿ.

ಪ್ರಶ್ನೆ: ‘ಸೆಕೆಂಡ್ ಬ್ರೈನ್’ (ನಮ್ಮ ಟಿಪ್ಪಣಿಗಳನ್ನೆಲ್ಲ ಜೋಡಿಸಿಟ್ಟ ಡಿಜಿಟಲ್ ಭಂಡಾರ) ಮಾಡಿಕೊಡುವ ವಾರಾಂತ್ಯದ ಕೋರ್ಸ್ ಇದೆ, ಫೀಸು 4,999 ರೂಪಾಯಿ. ಸೇರಲೇ?

ಬೇಡ. ಈ ಕೋರ್ಸಿನವರೆಲ್ಲ ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಹೆಸರು ಹೇಳದೆ ಮಾತು ಶುರು ಮಾಡುವುದಿಲ್ಲ. ಆತ ದಶಕಗಟ್ಟಲೆ ಕೂತು ಸುಮಾರು 90,000 ಚೀಟಿ ಬರೆದು ಪೆಟ್ಟಿಗೆಗಳಲ್ಲಿಟ್ಟ, ಯಾವ ಚೀಟಿ ಯಾವುದಕ್ಕೆ ಸೇರಬೇಕೆಂದು ಪ್ರತಿ ಸಲ ತಾನೇ ಯೋಚಿಸಿ ನಂಬರ್ ಹಾಕಿದ. ಆ ಯೋಚನೆಯನ್ನೇ ತೆಗೆದುಹಾಕಿ, ಕೊಂಡಿಗಳನ್ನು ಎಐ ತಾನಾಗಿ ಹಾಕುತ್ತದೆ ಅಂತ ಮಾರುವವರು ಲೂಮನ್‌ನ ಪೆಟ್ಟಿಗೆ ಮಾತ್ರ ಕೊಡುತ್ತಿದ್ದಾರೆ, ಖಾಲಿಯದ್ದು.

ಪ್ರಶ್ನೆ: ಕೆಎಎಸ್‌ಗೆ ಓದುತ್ತಿದ್ದೇನೆ. ಪುಸ್ತಕದ ಬದಲು ಎಐ ಮಾಡಿದ ನೋಟ್ಸ್ ಓದಿದರೆ ಸಾಲದೇ?

ಸಾಲದು.

ಪ್ರಶ್ನೆ: ಹಿರಿಯರ ಸಂದರ್ಶನ ರೆಕಾರ್ಡ್ ಮಾಡಿ ಎಐಯಿಂದ ಅಕ್ಷರಕ್ಕಿಳಿಸುತ್ತೇನೆ. ಮತ್ತೆ ಪೂರ್ತಿ ಕೇಳಲೇಬೇಕೇ?

ಕೇಳಲೇಬೇಕು. ಮಾತನ್ನು ಅಕ್ಷರಕ್ಕಿಳಿಸುವ ಓಪನ್‌ಎಐನ ವಿಸ್ಪರ್ ಬಗ್ಗೆ 2024ರಲ್ಲಿ ಬಂದ ಅಧ್ಯಯನದಲ್ಲಿ ಸುಮಾರು ಶೇ. 1ರಷ್ಟು ಧ್ವನಿತುಣುಕುಗಳಿಗೆ ಯಾರೂ ಆಡದ ಮಾತುಗಳು ಸೇರಿಕೊಂಡಿದ್ದವು. ಅದೂ ಇಂಗ್ಲಿಷಿನಲ್ಲಿ. ಮಾತಿನ ನಡುವೆ ಮೌನ ಹೆಚ್ಚಿದ್ದವರ ವಿಷಯದಲ್ಲಿ ಈ ಕಾಟ ಇನ್ನೂ ಹೆಚ್ಚು. ನಮ್ಮ ಹಿರಿಯರು ಎಲೆಅಡಿಕೆ ಹಾಕಿಕೊಂಡು, ನೆನಪಿಸಿಕೊಳ್ಳುತ್ತಾ, ನಿಲ್ಲಿಸಿ ನಿಲ್ಲಿಸಿ ಮಾತಾಡುವವರು.

ಪ್ರಶ್ನೆ: ನೀವು ಬಳಸುವ ಪ್ರಾಂಪ್ಟ್‌ಗಳ (ಎಐಗೆ ಕೊಡುವ ಸೂಚನೆಗಳ) ಪಟ್ಟಿ ಕಳಿಸಿ.

ಮೇಲಿನ ಉತ್ತರದಲ್ಲಿ ಇವೆ, ಪೂರ್ತಿ ಓದಿ.

ಪ್ರಶ್ನೆ: ನಿವೃತ್ತ ಮೇಷ್ಟ್ರು ನಾನು. ಇಪ್ಪತ್ತು ವರ್ಷ ನುಡಿಯಲ್ಲಿ ಟೈಪ್ ಮಾಡಿದ ಟಿಪ್ಪಣಿಗಳನ್ನು ಎಐಗೆ ಕೊಟ್ಟರೆ ಏನೇನೋ ಬಡಬಡಿಸುತ್ತದೆ. ಅದಕ್ಕೆ ಕನ್ನಡ ಬರುವುದಿಲ್ಲವೇ?

ಮೇಷ್ಟ್ರೇ, ಇದು ಮಾತ್ರ ಎಐ ತಪ್ಪಲ್ಲ. ಹಳೆಯ ನುಡಿ, ಬರಹ ಫಾಂಟುಗಳ ಕಡತದಲ್ಲಿ ಒಳಗಿರುವುದು ಕನ್ನಡ ಅಕ್ಷರವೇ ಅಲ್ಲ. ಯುರೋಪಿನ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಲಾಗಿದೆ. ಫಾಂಟ್ ಇದ್ದವರಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಅಕ್ಷರಗಳ ಸಂತೆ. ಮೊದಲು ಎಲ್ಲ ಯಂತ್ರಗಳಿಗೂ ತಿಳಿಯುವ ಅಕ್ಷರಸಂಕೇತವಾದ ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಮೂಲ ಕಡತ ಹಾಗೇ ಇರಲಿ, ಪ್ರತಿಯ ಮೇಲೆ ಕೆಲಸ ಮಾಡಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ‘ಕನ್ನಡ’ವಾಗಿ ವಿಚಿತ್ರ ರೂಪ ತಾಳುತ್ತವೆ, ಹುಡುಕಿ ತಿದ್ದಿ. ಒತ್ತಕ್ಷರ, ಅರ್ಕಾವತ್ತುಗಳ ಮೇಲೆ ಕಣ್ಣಿಡಿ. ‘ಸೂರ್ಯ’ವನ್ನು ಎರಡು ಬಗೆಯಲ್ಲಿ ಬರೆಯಬಹುದು, ಒಂದು ಬಗೆಯಲ್ಲಿ ಕಾಣದ ಸಂಕೇತವೊಂದು ಒಳಗೆ ಕೂತಿರುತ್ತದೆ, ಹಾಗಾಗಿ ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಎಲ್ಲ ಕಡತಗಳನ್ನೂ ಒಂದೇ ಬಗೆಗೆ ತನ್ನಿ. ಇಷ್ಟಾದ ಮೇಲೆ ಹತ್ತು ಪುಟ ಕೊಟ್ಟು ನೋಡಿ, ಇಪ್ಪತ್ತು ವರ್ಷದ್ದನ್ನು ಒಂದೇ ರಾತ್ರಿಯಲ್ಲಿ ಸುರಿಯಬೇಡಿ.